ಕರೆದರೂ ತಿರುಗದ ಆಟಗಾರ

ಬಾಗಿಲು ಬಡಿದ ಸದ್ದು. ಎರಡನೆಯ ಸಲ ಬಡಿಯುವಷ್ಟರಲ್ಲಿ ಮುದುಕವ್ವ ಚಿಲಕ ತೆಗೆದಾಗಿದೆ. ಹೊರಗೆ ಕಂಬಳಿ ಹೊದ್ದ ಒಬ್ಬಾತ. ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ. ಅವನ ಹಿಂದೆ ದೀಪ ಆರಿಸಿ ನಿಂತ ಜೀಪು. ಒಳಗೆ ಮಲಗಿದ್ದ ಮಗ ಅದಾಗಲೇ ಎದ್ದು, ದಿಂಬಿನಂತೆ ತಲೆಯಡಿ ಇಟ್ಟುಕೊಂಡಿದ್ದ ಗಂಟನ್ನು ಕಂಕುಳಿಗೆ ಸೇರಿಸಿದ್ದಾನೆ. ಎಲ್ಲಿಗೆ ಎಂದು ತಾಯಿ ಕೇಳಿದರೆ, ಲಾರಿಗೆ ಲೋಡು ತುಂಬಲು ಎಂಬ ಒಂದೇ ಉತ್ತರ. ಜೀಪು ಕಾಲುವೆಯ ಏರಿ ಹಿಡಿದು ಕತ್ತಲಲ್ಲಿ ಕರಗುತ್ತದೆ. ಮರುದಿನ ಸಂಜೆ ಹಿಂದಿರುಗುವ ಮಗನ ಮೊಣಕಾಲು ತರಚಿದೆ, ಹಿಮ್ಮಡಿ ಬಾತಿದೆ. ಮುಖದ ಮೇಲಿನ ನಗೆ ಮಾತ್ರ ಲೋಡು ಹೊತ್ತು ಬಂದವನದಲ್ಲ.

ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷ, ಶ್ರೀರಾಮನಗರದ ಹಮಾಲರ ಓಣಿಯಲ್ಲಿ ನಡೆದದ್ದು ಇದು.

ಈಗ ಅದೇ ಓಣಿಯ ಹಿಂದೆ, ಅಕ್ಕಿ ಗಿರಣಿಯವರು ಹೊಟ್ಟು ಸುರಿಯುವ ಬಯಲಿನಲ್ಲಿ, ಬೆಳಕು ಹರಿಯುತ್ತಿದೆ. ನಲವತ್ತೈದರ ಆಸುಪಾಸಿನ ಒಬ್ಬ ಗಟ್ಟಿಮುಟ್ಟಾದ ಆಳು ತೂತು ಕೊರೆದ ಡಬ್ಬಿಯಲ್ಲಿ ಹೊಟ್ಟಿನ ಬೂದಿ ತುಂಬಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದಾನೆ. ಅವನು ನಡೆದಲ್ಲೆಲ್ಲ ನೆಲದ ಮೇಲೆ ಬೂದುಬಣ್ಣದ ನೇರ ಗೆರೆ ಮೂಡುತ್ತದೆ. ಗೆರೆ ಮುಗಿಯುವ ಹೊತ್ತಿಗೆ ಗದ್ದೆಯ ಬದುಗಳಿಂದ ಒಬ್ಬೊಬ್ಬರಾಗಿ ಹುಡುಗಿಯರು ಬಂದು ಕೂಡುತ್ತಾರೆ. ಎಲ್ಲರೂ ನಾಟಿ ಮಾಡುವವರ, ಗಿರಣಿಯಲ್ಲಿ ದುಡಿಯುವವರ ಮಕ್ಕಳು. ಆತ ಚೆಂಡನ್ನು ನಡುವೆ ಎಸೆದು ಕೂಗುತ್ತಾನೆ:

"ಹನಮಪ್ಪಾ..."

ಹುಡುಗಿಯರೆಲ್ಲ ಬಲಗಾಲಿನಿಂದ ಚೆಂಡು ಸಾಗಿಸುತ್ತಾರೆ. ಕ್ಷಣ ಬಿಟ್ಟು ಮತ್ತೊಂದು ಕೂಗು:

"ಗವಿಸಿದ್ದೇಶಾ..."

ಚೆಂಡು ತಟ್ಟನೆ ಎಡಗಾಲಿಗೆ ಬದಲಾಗುತ್ತದೆ. ಬಯಲಿನಲ್ಲಿ ಹನಮಪ್ಪನೂ ಇಲ್ಲ, ಗವಿಸಿದ್ದೇಶನೂ ಇಲ್ಲ. ಇರುವವನು ಗಾಳೇಶ. ಗಿರಣಿಯ ಹಮಾಲ. ಒಂದು ಕಾಲಕ್ಕೆ ಈ ನಾಲ್ಕು ತಾಲೂಕುಗಳ ಬಯಲುಗಳಲ್ಲಿ ಅವನಷ್ಟು ಬೇಡಿಕೆಯ ಫುಟ್ಬಾಲ್ ಆಟಗಾರ ಮತ್ತೊಬ್ಬನಿರಲಿಲ್ಲ. ಆದರೆ ಗೆದ್ದ ಯಾವ ಆಟದಲ್ಲೂ ಅವನ ಹೆಸರಿಲ್ಲ. ಬರುವ ಭಾನುವಾರ ಈ ಹುಡುಗಿಯರು ಕೊಪ್ಪಳದಲ್ಲಿ ನಾಲ್ತಾಲೂಕು ಶೀಲ್ಡಿನ ಅಂತಿಮ ಪಂದ್ಯ ಆಡಲಿದ್ದಾರೆ. ಅವರ ಗುರು ಅಂದು ಮೈದಾನದ ಗೆರೆಯೊಳಗೆ ನಿಲ್ಲಬಹುದೋ, ಇಲ್ಲವೋ? ಬಯಲಿನಲ್ಲಿ ಈಗ ಎಲ್ಲರ ಎದೆಯಲ್ಲೂ ಕುದಿಯುತ್ತಿರುವ ಪ್ರಶ್ನೆ ಅದೊಂದೇ.

ನಾಲ್ತಾಲೂಕು ಶೀಲ್ಡು ಹುಟ್ಟಿದ್ದು ಹೊಸ ಜಿಲ್ಲೆಯ ಉತ್ಸಾಹದಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ವರ್ಷಕ್ಕೊಮ್ಮೆ ಸೆಣಸಬೇಕು. ನಿಯಮ ಒಂದೇ: ಆಟಗಾರ ಆಯಾ ತಾಲೂಕಿನ ಮಣ್ಣಿನವನೇ ಆಗಿರಬೇಕು. ನಿಯಮ ಹುಟ್ಟಿದ ದಿನವೇ ಅದನ್ನು ಮುರಿಯುವ ದಾರಿಯೂ ಹುಟ್ಟಿತು. ಕುಷ್ಟಗಿ, ಯಲಬುರ್ಗಾದವರಿಗೆ ಕಬಡ್ಡಿ ಗೊತ್ತಿತ್ತು, ಕುಸ್ತಿ ಗೊತ್ತಿತ್ತು, ಫುಟ್ಬಾಲ್ ಅಷ್ಟಕ್ಕಷ್ಟೇ. ಇತ್ತ ಗಂಗಾವತಿಯ ತಂಡದ ತುಂಬ ಕಾಲೇಜು ಹುಡುಗರು, ಗಿರಣಿ ಮಾಲೀಕರ ಮಕ್ಕಳು. ಚೀಲ ಹೊರುವ ಹುಡುಗನಿಗೆ ಅಲ್ಲಿ ಜಾಗವಿಲ್ಲ. ಹೊಟ್ಟಿನ ರಾಶಿಯ ಮೇಲೆ ಬರಿಗಾಲಲ್ಲಿ ಆಡಿ ಬೆಳೆದ ಗಾಳೇಶನ ಸುದ್ದಿ, ಅಕ್ಕಿ ಸಾಗಿಸುವ ಲಾರಿಯವರ ಬಾಯಿಂದ ಊರೂರು ಮುಟ್ಟಿತು. ಹಗಲಿನಲ್ಲಿ ಕರೆದರೆ ಎದುರಾಳಿಗಳಿಗೆ ತಿಳಿಯುತ್ತದೆ. ಆದ್ದರಿಂದ ಜೀಪು ರಾತ್ರಿಯೇ ಬರುತ್ತಿತ್ತು, ಬಂದವರು ಮಾತಾಡುತ್ತಿರಲಿಲ್ಲ.

ಕುಷ್ಟಗಿಯವರು ಅವನಿಗೆ ಕೊಟ್ಟ ಹೆಸರು ಹನಮಪ್ಪ. ಅದು ಅಲ್ಲಿನ ಒಬ್ಬ ಕಿರಾಣಿ ಅಂಗಡಿಯವನದು. ಚೆಂಡು ಎಷ್ಟು ದುಂಡಗಿರುತ್ತದೆ ಎಂಬುದನ್ನು ಬಿಟ್ಟರೆ ಆಟದ ಬಗ್ಗೆ ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಯಲಬುರ್ಗಾದವರ ಪಾಲಿಗೆ ಗಾಳೇಶನೇ ಗವಿಸಿದ್ದೇಶ. ಎರಡೂ ತಂಡಗಳು ಒಂದೇ ಆಳನ್ನು ಬೇರೆ ಬೇರೆ ವರ್ಷ ಕರೆತರುತ್ತಿದ್ದವು. ಗುರುತು ಸಿಗಬಾರದಲ್ಲ? ಹನಮಪ್ಪನಿಗೆ ಮೀಸೆ ಇತ್ತು, ಗವಿಸಿದ್ದೇಶನಿಗೆ ಇರಲಿಲ್ಲ. ಮೀಸೆಯದೇನು, ಕ್ಷೌರದ ಅಂಗಡಿಯ ಕೆಲಸ. ಆದರೆ ಆಟಗಾರನನ್ನು ಆಟದ ಧಾಟಿಯಿಂದಲೇ ಹಿಡಿದುಬಿಡುವ ಕಣ್ಣುಗಳಿರುತ್ತವೆ. ಆ ಕಣ್ಣುಗಳಿಗೆ ಹೆದರಿ ಗಾಳೇಶ ಯಾರೂ ಮಾಡದ ಕೆಲಸ ಮಾಡಿದ. ಕುಷ್ಟಗಿಯ ಪರ ಆಡುವಾಗ ಬಲಗಾಲಿನವನಾದ. ಯಲಬುರ್ಗಾದ ಪರ ಆಡಲು, ಇಡೀ ಒಂದು ಮಳೆಗಾಲ ಎಡಗಾಲಿನಿಂದಷ್ಟೇ ಚೆಂಡು ಒದ್ದು ಒದ್ದು, ಎಡಗಾಲಿನವನಾದ.

"ಎರಡೂ ಕಾಲು ಛಲೋ ಆಡ್ತಾವು ಅಂತ ಮಂದಿ ಹೊಗಳ್ತಾರ್ರಿ," ಎನ್ನುತ್ತಾನೆ ಗಾಳೇಶ. "ನಾ ಕಲತದ್ದು ಆಟಕ್ಕಲ್ಲ, ಅಂಜಿಕಿಗೆ. ಕಳ್ಳಗ ಎರಡು ದಾರಿ ಗೊತ್ತಿರಬೇಕಲ್ರಿ."

ಗೋಲು ಹೊಡೆದವನು ಹಮಾಲಿಗೆ ಮರಳುತ್ತಿದ್ದ. ಹಾರ ಬೀಳುತ್ತಿದ್ದುದು ಅಸಲಿ ಹನಮಪ್ಪನ ಕೊರಳಿಗೆ. ಕುಷ್ಟಗಿ ಮೊದಲ ಸಲ ಶೀಲ್ಡು ಗೆದ್ದ ವರ್ಷ, ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದ ಒಬ್ಬ ಮಾವ, ತಾಲೂಕಿನ ಮಾನ ಕಾಯ್ದ ಹುಡುಗ ಎಂದು ಹನಮಪ್ಪನಿಗೆ ಒಪ್ಪಿಗೆ ಕೊಟ್ಟುಬಿಟ್ಟ. ಮದುವೆಗೆ ಗಾಳೇಶನೂ ಹೋಗಿ ಅಕ್ಕಿಕಾಳು ಹಾಕಿ ಬಂದ. "ಗೋಲು ನಂದು, ಹೆಣ್ಣು ಅವಂದು," ಎಂದು ಇಂದಿಗೂ ನಗುತ್ತಾನೆ.

ಹೆಸರು ಬದಲಿಸುವುದು ಸುಲಭ, ಹಳೆಯ ಹೆಸರಿಗೆ ಕಿವುಡಾಗುವುದು ಕಷ್ಟ. ಗಂಗಾವತಿಯ ಹಮಾಲನೊಬ್ಬ ಬೇರೆ ತಾಲೂಕಿಗೆ ಆಡುತ್ತಾನೆಂಬ ಗುಸುಗುಸು ಮೈದಾನಗಳಲ್ಲಿ ಹಬ್ಬಿತ್ತು. ಎದುರಾಳಿಗಳು ಬೇಕೆಂದೇ ಬೆನ್ನ ಹಿಂದಿನಿಂದ "ಏ ಗಾಳ್ಯಾ" ಎಂದು ಕೂಗಿ ಪರೀಕ್ಷಿಸುತ್ತಿದ್ದರು. ಅದಕ್ಕಾಗಿ ಅವನು ಗಿರಣಿಯ ಜೊತೆಗಾರರಿಗೆ ತಾಕೀತು ಮಾಡಿದ್ದ: ದಿನವಿಡೀ ನನ್ನ ಹೆಸರು ಹಿಡಿದು ಕರೆಯಿರಿ, ನಾನು ತಿರುಗಿದರೆ ಬೈಯಿರಿ. ಅವರು ಅದನ್ನು ಹಬ್ಬದಂತೆ ಆಚರಿಸಿದರು. ಬೆನ್ನ ಮೇಲೆ ಚೀಲ ಇರುವಾಗ ಕರೆದರು, ಊಟಕ್ಕೆ ಕೂತಾಗ ಕರೆದರು, ನಿದ್ದೆಯಲ್ಲಿ ಕರೆದರು. ಕೊನೆಗೆ ಗಿರಣಿಯ ಮಾಲೀಕರೇ ಕರೆದರೂ ಅವನು ತಿರುಗದೆ, ಕಿವಿಯ ಡಾಕ್ಟರಿಗೆ ತೋರಿಸಿಕೊ ಎನ್ನಿಸಿಕೊಂಡ.

ಹೀಗೆ ತಯಾರಾದವನು, ೨೦೦೪ರ ಅಂತಿಮ ಪಂದ್ಯದಲ್ಲಿ ತಿರುಗಿಬಿಟ್ಟ.

ಅಂದು ಕೊಪ್ಪಳದ ಮೈದಾನದಲ್ಲಿ ಕುಷ್ಟಗಿಯ ಎದುರು ನಿಂತದ್ದು ಗಂಗಾವತಿ. ತನ್ನೂರಿನ ವಿರುದ್ಧ ತಾನೇ, ಹನಮಪ್ಪನಾಗಿ. ಗಂಗಾವತಿಯ ಹುಡುಗರು ಅವನನ್ನು ಗಿರಣಿಯ ಅಂಗಳದಲ್ಲಿ ದಿನವೂ ನೋಡುತ್ತಿದ್ದರು. ಆದರೆ ಅವರು ನೋಡುತ್ತಿದ್ದುದು ಚೀಲದ ಕೆಳಗಿನ ಬೆನ್ನನ್ನು, ಮುಖವನ್ನಲ್ಲ. ಆಟಕ್ಕೆ ಮೊದಲೇ ರೆಫರಿ ಉಮರಸಾಬ ಎರಡೂ ನಾಯಕರನ್ನು ಕರೆದು ಎಚ್ಚರಿಸಿದ್ದರು: ಬಾಡಿಗೆಯ ಆಟಗಾರ ಸಿಕ್ಕರೆ ಶೀಲ್ಡು ಎದುರಾಳಿಗೆ, ಆಟಗಾರ ಮತ್ತೆ ಎಂದೂ ಗೆರೆಯೊಳಗೆ ಕಾಲಿಡುವಂತಿಲ್ಲ. ಗಾಳೇಶನಿಗೆ ಅದಕ್ಕಿಂತ ದೊಡ್ಡ ಮಾತೊಂದು ಗೊತ್ತಿತ್ತು. ಹುಬ್ಬಳ್ಳಿಯ ಕ್ಲಬ್ಬೊಂದರ ಹಿರಿಯರು ಅಂದಿನ ಆಟ ನೋಡಲು ಬಂದು ಕೂತಿದ್ದರು. ಅವರಿಗೆ ತಾಲೂಕಿನ ಹಂಗಿಲ್ಲ. ಆಟ ಮೆಚ್ಚಿದರೆ ಕರೆದೊಯ್ಯುತ್ತಾರೆ. ಅಲ್ಲಿ ಗಾಳೇಶ, ಗಾಳೇಶನಾಗಿಯೇ ಆಡಬಹುದು.

ಕೊನೆಯ ಗಳಿಗೆ. ಎರಡೂ ಕಡೆ ಗೋಲಿಲ್ಲ. ನಡುಮೈದಾನದಲ್ಲಿ ಚೆಂಡು ಸಿಕ್ಕಿದ್ದೇ ತಡ, ಹನಮಪ್ಪನ ವೇಷದ ಗಾಳೇಶ ಒಬ್ಬನನ್ನು ಬಲಕ್ಕೆ ತಪ್ಪಿಸಿದ, ಇನ್ನೊಬ್ಬನ ಕಾಲ ನಡುವೆ ಚೆಂಡು ತೂರಿಸಿದ. ಗೋಲು ಕಾಯುತ್ತಿದ್ದ ಗೋಲಿ ಮುಂದೆ ಬಂದ. ಬಲಗಾಲು ಬೀಸಿತು, ಚೆಂಡು ಬಲೆಯ ಮೂಲೆ ಸೇರಿತು. ಮೈದಾನ ಹುಚ್ಚೆದ್ದಿತು. ಆ ಗದ್ದಲವನ್ನು ಸೀಳಿಕೊಂಡು, ರಸ್ತೆಯ ಬದಿಯ ಬೇವಿನ ಮರದ ಕಡೆಯಿಂದ, ಒಂದು ನೀಳವಾದ ಕೂಗು ಬಂತು.

"ಗಾಳೇಶಾ..."

ಅವನು ತಿರುಗಿದ. ತಿರುಗಿದ್ದಷ್ಟೇ ಅಲ್ಲ, ಕೈಯೆತ್ತಿದ. ಪಕ್ಕದಲ್ಲೇ ಸೀಟಿ ಹಿಡಿದು ನಿಂತಿದ್ದ ಉಮರಸಾಬರು ಹತ್ತಿರ ಬಂದು ತಣ್ಣಗೆ ಕೇಳಿದರು:

"ಲೇ ಹನಮಪ್ಪ, ಅವರು ಕರದದ್ದು ಗಾಳೇಶನ್ನ. ನೀ ಯಾಕ ಕೈ ಎತ್ತಿದಿ?"

ಶೀಲ್ಡು ಗಂಗಾವತಿಗೆ ಹೋಯಿತು. ಹುಬ್ಬಳ್ಳಿಯವರು, ಮೋಸದ ಆಟಗಾರ ಬೇಡವೆಂದು, ಮಾತನಾಡಿಸದೆ ಎದ್ದು ಹೋದರು. ಗಾಳೇಶನ ಆಟ ಅಲ್ಲಿಗೆ ಮುಗಿಯಿತು. ಗದಗ, ಹೊಸಪೇಟೆಗಳಿಂದ ಬರುತ್ತಿದ್ದ ಕರೆಗಳೂ ನಿಂತವು.

ಕೂಗಿದವರು ಯಾರು? ನಾಲ್ಕು ತಾಲೂಕಿನ ಚಹಾದಂಗಡಿಗಳಲ್ಲಿ ಇಷ್ಟು ವರ್ಷ ಕುದಿದ ಪ್ರಶ್ನೆ ಇದು. ಗಂಗಾವತಿಯವರು ನೇಮಿಸಿದ್ದ ಗಂಟಲು ಎಂದರು ಕೆಲವರು. ಬೆಂಚಿನಲ್ಲೇ ಕೊಳೆಯುತ್ತಿದ್ದ ಕುಷ್ಟಗಿಯ ಬದಲಿ ಆಟಗಾರನ ಹೊಟ್ಟೆಯುರಿ ಎಂದರು ಮತ್ತೆ ಕೆಲವರು. ಹೆಚ್ಚಿನವರ ಬೆರಳು ಮಾತ್ರ ಅಸಲಿ ಹನಮಪ್ಪನ ಕಡೆಗೆ. ಮನೆಯಲ್ಲಿ ಹೆಂಡತಿ, ನಿಮ್ಮ ಗೋಲು ಒಮ್ಮೆ ನನ್ನ ಕಣ್ಣೆದುರು ಹೊಡೆದು ತೋರಿಸಿ ಎಂದು ಚುಚ್ಚುತ್ತಿದ್ದುದರಿಂದ ರೋಸಿಹೋಗಿ ಕೂಗಿದ್ದಾನೆ ಎಂಬುದು ಅವರ ತರ್ಕ. ಗಾಳೇಶನನ್ನು ಕೇಳಿದರೆ, ಗದ್ದಲದಲ್ಲಿ ಗೊತ್ತಾಗಲಿಲ್ಲ ಎನ್ನುವುದೊಂದೇ.

ಅಂದಿನಿಂದ ಇಂದಿನವರೆಗೆ ಅವನ ಬಾಳು ಗಿರಣಿಯ ಅಂಗಳದಲ್ಲೇ. ಬೆಳಿಗ್ಗೆ ಆಟ ಕಲಿಸಿ, ಹೆಗಲಿಗೆ ಟವೆಲ್ಲು, ಕೈಗೆ ಚೀಲ ಎಳೆಯುವ ಕೊಕ್ಕೆ ಹಿಡಿದರೆ, ಭತ್ತದ ಸುಗ್ಗಿಯಲ್ಲಿ ಲಾರಿಗಳ ಸಾಲು ಮುಗಿಯುವುದು ಹೊತ್ತು ಮುಳುಗಿದ ಮೇಲೆಯೇ. ಕಳೆದ ಕಾರಹುಣ್ಣಿಮೆಯ ಹೊತ್ತಿಗೆ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿರುವವರು ಅವನು ಮತ್ತು ಹೆಂಡತಿ ಕಸ್ತೂರೆಮ್ಮ. "ಹಮಾಲ ಅಂತ ಹೇಳಿ ಮದವಿ ಮಾಡಿದ್ರು," ಎನ್ನುತ್ತಾರೆ ಆಕೆ, ಮುಸುರೆ ತಿಕ್ಕುತ್ತ. "ಆಟಗಾರ ಅಂತ ಓಣ್ಯಾಗಿನ ಮಂದಿ ಹೇಳಿದ್ರು. ಮನ್ಯಾಗ ಮಾತ್ರ ನಾ ಒದರಿದ್ರೂ ಹೊಳ್ಳಿ ನೋಡಂಗಿಲ್ರಿ. ಹಳೇ ಚಟ."

ಹುಡುಗಿಯರಿಗೆ ಕಲಿಸಲು ಯಾರೂ ಅವನನ್ನು ಕೇಳಿಕೊಳ್ಳಲಿಲ್ಲ. ಕೆಲವು ವರ್ಷಗಳ ಹಿಂದೆ ಹೊಟ್ಟಿನ ಬಯಲಿಗೆ ಆಡು ಮೇಯಿಸಲು ಬಂದ ರಂಜಿತಾ, ದಿಕ್ಕು ತಪ್ಪಿ ಬಂದ ಚೆಂಡನ್ನು ಬರಿಗಾಲಲ್ಲಿ ಒದ್ದು ಅವನ ಎದೆಗೇ ಮುಟ್ಟಿಸಿದಳು. ಅವಳೇ ಈಗ ತಂಡದ ನಾಯಕಿ. ಶೀಲ್ಡಿನಲ್ಲಿ ಹುಡುಗಿಯರ ವಿಭಾಗ ಆರಂಭವಾದಾಗ ಗಂಗಾವತಿ ತಾಲೂಕಿನ ತಂಡವಾಗಿ ಆಯ್ಕೆಯಾದದ್ದು ಈ ಹೊಟ್ಟಿನ ಬಯಲಿನವರೇ. ಬಲಗಾಲಿಗೆ ಹನಮಪ್ಪ, ಎಡಗಾಲಿಗೆ ಗವಿಸಿದ್ದೇಶ ಎಂದು ಹೆಸರಿಟ್ಟವರೂ ಅವರೇ. ಗುರುವಿನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ ದಿನ.

ಆದರೆ ನಿಷೇಧ ಇನ್ನೂ ಜಾರಿಯಲ್ಲಿದೆ. ಕಳೆದ ವಾರ ಸೆಮಿಫೈನಲ್ಲಿನಲ್ಲಿ ಗಾಳೇಶ ಮೈದಾನದ ಗೋಡೆಯ ಹೊರಗೆ, ಅಕ್ಕಿ ಚೀಲ ಹೇರಿದ್ದ ಲಾರಿಯ ನೆತ್ತಿಯ ಮೇಲೆ ನಿಂತು ಕೂಗಿದ. ಯಲಬುರ್ಗಾದವರು ದೂರು ಕೊಟ್ಟರು. ಪೊಲೀಸರು ಲಾರಿಯನ್ನೇ ಕಳಿಸಿಬಿಟ್ಟರು. ಲಾರಿಯ ಜೊತೆ ಗುರುವೂ ದೂರವಾದ. ದನಿ ನಿಂತದ್ದೇ ಹುಡುಗಿಯರ ಕಾಲುಗಳು ತಡವರಿಸಿದವು. ಎರಡು ಗೋಲಿನ ಮುನ್ನಡೆ ಕರಗಿ, ಕಟ್ಟಕಡೆಗೆ ಪೆನಾಲ್ಟಿಯಲ್ಲಿ ಉಸಿರು ಉಳಿಯಿತು. ಫೈನಲ್ಲಿನಲ್ಲಿ ಎದುರಾಳಿ ಕೊಪ್ಪಳ. ಗುರುವಿಲ್ಲದೆ ಆಡಿದರೆ ಗತಿಯೇನೆಂದು ಎಲ್ಲರಿಗೂ ಗೊತ್ತು.

ಶನಿವಾರ ಸಮಿತಿಯ ಮುಂದೆ ಗಾಳೇಶ ನಿಲ್ಲುತ್ತಾನೆ. ಅಧ್ಯಕ್ಷರ ಕುರ್ಚಿಯಲ್ಲಿ, ನೆರೆತ ಗಡ್ಡದ ಉಮರಸಾಬರು. ಅಂದು ಹಿಡಿದವರೇ ಇಂದು ಬಿಡುವವರು. ಅವರ ಷರತ್ತು ಒಂದೇ. ಕೂಗಿಸಿದ್ದು ಎದುರಾಳಿಗಳ ಸಂಚಾಗಿದ್ದರೆ ತನ್ನ ತೀರ್ಪೇ ಒಂದು ದಾಳವಾಗಿ ಬಳಕೆಯಾಯಿತೆಂಬ ಮುಳ್ಳು ಅವರನ್ನು ವರ್ಷಗಳಿಂದ ಚುಚ್ಚುತ್ತಿದೆ. "ಯಾರು ಕರದ್ರು, ಅಷ್ಟು ಹೇಳು. ನಿನಗ ಗೊತ್ತೈತಿ. ಗೊತ್ತಿಲ್ಲದ ದನಿಗೆ ನೀ ಹೊಳ್ಳಿ ನೋಡಾಂವ ಅಲ್ಲ," ಎನ್ನುತ್ತಾರೆ.

ಗಾಳೇಶ ಒಂದು ಗಳಿಗೆ ಬಿಡುವು ಕೇಳುತ್ತಾನೆ. ಯೋಚಿಸಲು ಹೊರಗೆ ಬಂದವನನ್ನು ರಂಜಿತಾ ತಡೆದು ನಿಲ್ಲಿಸುತ್ತಾಳೆ.

"ಕಾಕಾ, ಯಾರದರ ಒಂದು ಹೆಸರು ಹೇಳಿಬಿಡು. ಇಷ್ಟು ದಿನ ಸುಳ್ಳ ಹೆಸರಿನ್ಯಾಗ ಬಾಳೇ ಮಾಡಿದಾಂವ ನೀನು. ಇನ್ನೊಂದು ಹೇಳಾಕ ಏನು ಧಾಡಿ?"

"ಆ ಹೆಸರು ನನ್ನ ಮ್ಯಾಲ ಹಾಕ್ಕೊಂಡಿದ್ದೆ, ತಂಗಿ. ಇದು ಇನ್ನೊಬ್ಬರ ಮ್ಯಾಲ ಹಾಕೋದು," ಎನ್ನುತ್ತಾನೆ ಗಾಳೇಶ. ಮತ್ತೆ ಒಳಗೆ ಹೋಗಿ, ಉಮರಸಾಬರೊಬ್ಬರ ಹತ್ತಿರ ಮಾತ್ರ ಹೇಳುತ್ತೇನೆಂದು ಕೇಳಿಕೊಳ್ಳುತ್ತಾನೆ. ಉಳಿದವರು ಎದ್ದು ಹೊರಬರುತ್ತಾರೆ. ಬಾಗಿಲು ಮುಚ್ಚುತ್ತದೆ. ತೆರೆದಾಗ ಉಮರಸಾಬರ ಕೈ ಗಾಳೇಶನ ಹೆಗಲ ಮೇಲಿದೆ. ನಾಳೆ ಇವನು ಗೆರೆ ದಾಟಬಹುದು, ಎಂದಷ್ಟೇ ಹೇಳಿ ಅವರು ನಡೆದುಬಿಡುತ್ತಾರೆ.

ಭಾನುವಾರ. ಮೈದಾನದ ಮೈಕಿನಲ್ಲಿ ತಂಡಗಳ ಹೆಸರುಗಳು ಕೇಳಿಬರುತ್ತಿವೆ. ಕೊನೆಗೆ: ಗಂಗಾವತಿ ತಂಡದ ತರಬೇತುದಾರರು, ಗಾಳೇಶ, ಶ್ರೀರಾಮನಗರ. ಸುಣ್ಣದ ಗೆರೆಯ ಮುಂದೆ ಅವನ ಕಾಲು ಒಂದು ಕ್ಷಣ ತಡೆಯುತ್ತದೆ, ಆಮೇಲೆ ದಾಟುತ್ತದೆ. ಕುಷ್ಟಗಿಯಿಂದ ಅಂಗಡಿ ಮುಚ್ಚಿ ಬಂದ ಅಸಲಿ ಹನಮಪ್ಪ, ಹೆಂಡತಿಯನ್ನೂ ಪಕ್ಕದಲ್ಲೇ ಕೂರಿಸಿಕೊಂಡಿದ್ದಾನೆ. ಆಟ ಶುರುವಾದದ್ದೇ ಅವನ ಫಜೀತಿಯೂ ಶುರುವಾಗುತ್ತದೆ. ಗಾಳೇಶ ಗೆರೆಯ ಬಳಿಯಿಂದ "ಹನಮಪ್ಪಾ" ಎಂದಾಗಲೆಲ್ಲ ಇವನು ಎದ್ದು ನಿಲ್ಲುತ್ತಾನೆ, ಹೆಂಡತಿ ಅಂಗಿ ಹಿಡಿದು ಕೂರಿಸುತ್ತಾಳೆ.

ಕೊಪ್ಪಳದ ಹುಡುಗಿಯರು ಮೊದಲರ್ಧದಲ್ಲೇ ಒಂದು ಗೋಲು ಬಾರಿಸಿ ಕೋಟೆ ಕಟ್ಟುತ್ತಾರೆ. ರಂಜಿತಾಳ ಬಲಗಾಲಿಗೆ ಇಬ್ಬರು ಕಾವಲು. ವಿರಾಮದ ಬಳಿಕ ಗೋಲಿನೆದುರಿನ ಗುಂಪಿನ ಎಡವಟ್ಟಿನಲ್ಲಿ ಚೆಂಡು ಕೊಪ್ಪಳದ ಬಲೆಗೆ ನುಗ್ಗಿ ಸಮಬಲವಾಗುತ್ತದೆ. ಹೊತ್ತು ಓಡುತ್ತಿದೆ. ರೆಫರಿ ಗಡಿಯಾರ ನೋಡುತ್ತಿದ್ದಾರೆ. ಬಲಬದಿಯಿಂದ ರಂಜಿತಾ ನುಗ್ಗುತ್ತಾಳೆ. ಕಾವಲಿನ ಇಬ್ಬರೂ ಅವಳ ಬಲಗಾಲಿಗೆ ಬೀಳುತ್ತಾರೆ. ಆಗ ಗೆರೆಯ ಅಂಚಿನಿಂದ ಗಾಳೇಶನ ಗಂಟಲು ಬಿರಿಯುತ್ತದೆ:

"ಗವಿಸಿದ್ದೇಶಾ..."

ಕೊಪ್ಪಳದ ಹುಡುಗಿಯರು, ಈ ಗವಿಸಿದ್ದೇಶ ಯಾರು, ಎಲ್ಲಿಂದ ಬಂದ ಎಂದು ಕತ್ತು ತಿರುಗಿಸಿದ ಆ ಒಂದು ಕ್ಷಣ ಸಾಕು. ಚೆಂಡು ಎಡಗಾಲಿಗೆ ಜಾರುತ್ತದೆ, ಎಡಗಾಲು ಬೀಸುತ್ತದೆ, ಗೋಲಿಯ ಬೆರಳ ತುದಿ ಸವರಿದ ಚೆಂಡಿಗೆ ಬಲೆ ನಡುಗುತ್ತದೆ. ಹಿಂದೆಯೇ ಕೊನೆಯ ಸೀಟಿ. ನಾಲ್ತಾಲೂಕು ಶೀಲ್ಡು ಹೊಟ್ಟಿನ ಬಯಲಿಗೆ.

ಹುಡುಗಿಯರು ಗುರುವನ್ನು ಚೀಲದಂತೆ ಹೊತ್ತು ಕುಣಿಯುತ್ತಾರೆ. ಜನ ಕರಗಿದ ಮೇಲೆ ಹನಮಪ್ಪ ಹೆಂಡತಿಯ ಕೈ ಹಿಡಿದು ಎಳೆದುಕೊಂಡೇ ಬರುತ್ತಾನೆ.

"ದೋಸ್ತ, ಇವತ್ತರ ಹೇಳಿಬಿಡಪಾ. ಕೂಗಿದಾಂವ ನಾ ಅಲ್ಲ ಅಂತ ಆಣಿ ಮಾಡಿ ಮಾಡಿ ಸಾಕಾಗೈತಿ. ಇಕಿ ಸೈತ ನಂಬವಲ್ಲಳು."

ಗಾಳೇಶ ಅವರಿಬ್ಬರನ್ನೂ ಕೂರಿಸಿ, ತಾನೂ ನೆಲಕ್ಕೆ ಕೂರುತ್ತಾನೆ. ಹುಡುಗಿಯರು ಸುತ್ತ ನೆರೆಯುತ್ತಾರೆ. ಉಮರಸಾಬರು ತುಸು ದೂರದಲ್ಲಿ ನಿಂತೇ ಇದ್ದಾರೆ. ನಿನ್ನೆ ಮುಚ್ಚಿದ ಬಾಗಿಲ ಹಿಂದೆ ಹೇಳಿದ್ದನ್ನು ಗಾಳೇಶ ಇಂದು ಎಲ್ಲರೆದುರು ಹೇಳುತ್ತಾನೆ. ನಿಮ್ಮ ಪತ್ರಿಕೆಯಲ್ಲೂ ಬರಲಿ, ಹನಮಪ್ಪನ ಮನೆಯ ಜಗಳ ನಿಲ್ಲಲಿ ಎನ್ನುತ್ತಾನೆ.

ಅದು ಸಂಚಾಗಿರಲಿಲ್ಲ. ಕೂಗಿದವರಿಗೆ ಆಟವೂ ಗೊತ್ತಿರಲಿಲ್ಲ, ಹನಮಪ್ಪನೂ ಗೊತ್ತಿರಲಿಲ್ಲ. ಊರವರ ಜೊತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕೊಪ್ಪಳಕ್ಕೆ ಬಂದಿದ್ದರು. ಅಂದು ಬೆಳಿಗ್ಗೆಯಷ್ಟೇ ಪಟ್ಟಿ ಬಿಚ್ಚಿದ್ದರು. ಬಸ್ಸಿಗೆ ಹೋಗುವ ದಾರಿಯಲ್ಲಿ ಗದ್ದಲ ಕೇಳಿ ಬೇವಿನ ಮರದಡಿ ನಿಂತರು. ಹೊಸ ಕಣ್ಣಿಗೆ ದೂರದಲ್ಲಿ, ಸಾವಿರಾರು ಜನರ ನಡುವೆ, ಕೈಕಾಲು ಬಡಿದು ಓಡುತ್ತಿದ್ದ ಒಂದು ಮುಖ ಕಂಡಿತು. ಜನ ಆ ಮುಖಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕರೆಯುವಂತೆ, ಖುಷಿಯಿಂದ ಕರೆದುಬಿಟ್ಟರು.

"ಎಲ್ಲಾ ದನಿಗೂ ಕಿವುಡ ಆಗಿದ್ದೆ, ಆ ಒಂದು ದನಿಗೆ ತಯಾರಿ ಮಾಡಿರಲಿಲ್ಲ," ಎನ್ನುತ್ತಾನೆ ಗಾಳೇಶ. "ನಾ ಹೊಳ್ಳಿ ನೋಡದಿದ್ರ ಹುಬ್ಬಳ್ಳಿಗೆ ಹೋಗ್ತಿದ್ದೆ, ಖರೆ. ಕರದ್ರೂ ನೋಡಲಿಲ್ಲ ಅಂತ ಆ ಜೀವ ಮಾತ್ರ ಮನಿತನಕ ಅಳಕೋತ ಹೋಗ್ತಿತ್ತು. ಅದಕ್ಕ ಕೈ ಎತ್ತಿದೆ. ಆಮ್ಯಾಲ ಹೇಳಿದ್ರ, ತನ್ನ ಕೂಗಿಗೆ ನನ್ನ ಆಟ ಹೋತು ಅಂತ ಕೊನಿತನಕ ಕೊರಗ್ತಿತ್ತು. ಅದಕ್ಕ ಬಾಯಿ ಬಿಡಲಿಲ್ಲ. ಈಗ ಅಂಜಿಕಿಲ್ಲ, ಕೇಳಿ ಕೊರಗಾಕ ಅವರಿಲ್ಲ."

ಹನಮಪ್ಪನ ಹೆಂಡತಿ ಮುಂದೆ ಬಾಗಿ, ಯಾರಪ್ಪಾ ಅದು, ಎಂದು ಮೆಲ್ಲಗೆ ಕೇಳುತ್ತಾಳೆ.

"ನಮ್ಮವ್ವ, ಮುದುಕವ್ವ."